ಕಣ್ಣಾರೆ ಕಂಡವರಿಲ್ಲ, ಆದರೂ ಜೀವಾವಧಿ: ಹೈಕೋರ್ಟ್ ಮೇಲ್ಮನವಿಯಲ್ಲಿ ಯಾವುದನ್ನು ಹಿಡಿದು ವಾದಿಸಬೇಕು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. 2019ರಲ್ಲಿ ನಮ್ಮ ದಾಯಾದಿಯೊಬ್ಬರ ಕೊಲೆಯಾಯಿತು. ಹೊಲದ ಬದುವಿನ ವಿಚಾರಕ್ಕೆ ಅವರಿಗೂ ನನ್ನ ತಮ್ಮನಿಗೂ ಜಗಳವಿತ್ತು. ಕೊಲೆಯನ್ನು ಕಂಡವರು ಯಾರೂ ಇಲ್ಲ. ಭಾನುವಾರ ಸಂಜೆ ಇಬ್ಬರೂ ಬಸ್ ನಿಲ್ದಾಣದ ಚಹದಂಗಡಿಯಲ್ಲಿದ್ದರು ಎಂದು ಒಬ್ಬರ ಹೇಳಿಕೆ, ನಮ್ಮ ದನದ ಕೊಟ್ಟಿಗೆಯಲ್ಲಿ ಸಿಕ್ಕಿತೆನ್ನುವ ಕುಡುಗೋಲು, ಮೊಬೈಲ್ ಟವರ್ ವಿವರ, ತಮ್ಮ ಕೆಲವು ದಿನ ಊರಲ್ಲಿರಲಿಲ್ಲ ಎನ್ನುವುದು, ಇಷ್ಟರ ಮೇಲೆಯೇ ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿದೆ. ತೀರ್ಪು ಬಂದು ನಾಲ್ಕು ತಿಂಗಳಾಗಿದೆ. ಹಣವಿಲ್ಲದೆ ಮೇಲ್ಮನವಿ ಹಾಕಿಲ್ಲ. ಈಗಲೂ ಹಾಕಬಹುದೇ? ಜಾಮೀನು ಸಿಗುತ್ತದೆಯೇ? ಪಂಚನಾಮೆಗೆ ಸಹಿ ಹಾಕಿದವರೊಬ್ಬರು ಈಗ ನಿಜ ಹೇಳಲು ತಯಾರಿದ್ದಾರೆ, ಅವರಿಂದ ಪ್ರಮಾಣಪತ್ರ ಬರೆಸಿಕೊಳ್ಳಲೇ? ತೀರ್ಪಿನ ಪ್ರತಿ ಮತ್ತು ಕೆಲವು ಸಾಕ್ಷಿಗಳ ಹೇಳಿಕೆಗಳನ್ನು ಕಳುಹಿಸಿದ್ದೇನೆ.

ಉತ್ತರ: ಮೊದಲು ಅವಧಿಯ ಮಾತು, ಏಕೆಂದರೆ ಅದಕ್ಕೆ ಇನ್ನು ಒಂದು ವಾರವೂ ಕಾಯುವಂತಿಲ್ಲ. ಸೆಷನ್ಸ್ ನ್ಯಾಯಾಲಯ ಕೊಟ್ಟ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಹೋಗಲು ಕಾಲಮಿತಿ ಕಾಯ್ದೆಯ ಪ್ರಕಾರ 60 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಎಣಿಸುವುದಿಲ್ಲ. ನಿಮ್ಮದು ಅದನ್ನೂ ಮೀರಿದೆ. ಆದರೂ ಬಾಗಿಲು ಮುಚ್ಚಿಲ್ಲ. ಅದೇ ಕಾಯ್ದೆಯ 5ನೇ ಕಲಮಿನಡಿ ವಿಳಂಬವನ್ನು ಮನ್ನಿಸುವಂತೆ ಅರ್ಜಿಯನ್ನು ಮೇಲ್ಮನವಿಯ ಜೊತೆಗೇ ಹಾಕಬೇಕು. ತಮ್ಮ ಜೈಲಿನಲ್ಲಿದ್ದಾನೆ, ಮನೆಯಲ್ಲಿ ಓಡಾಡುವವರಿಲ್ಲ, ಹಣವಿರಲಿಲ್ಲ ಎಂಬುದನ್ನು ದಿನಾಂಕಗಳೊಂದಿಗೆ ಇದ್ದದ್ದು ಇದ್ದ ಹಾಗೆ ಬರೆಯಿರಿ. ಜೈಲಿನಲ್ಲಿರುವ ಜೀವಾವಧಿ ಕೈದಿಯ ಮೊದಲ ಮೇಲ್ಮನವಿಯನ್ನು ಎರಡು ತಿಂಗಳ ವಿಳಂಬದ ಕಾರಣಕ್ಕೇ ತಳ್ಳಿಹಾಕಲು ನ್ಯಾಯಾಲಯಗಳು ಸಾಮಾನ್ಯವಾಗಿ ಮನಸ್ಸು ಮಾಡುವುದಿಲ್ಲ. ಆದರೆ ವಿವರಣೆಯಿಲ್ಲದೆ ಕಳೆದ ಒಂದೊಂದು ತಿಂಗಳೂ ಆ ಅರ್ಜಿಯನ್ನು ಸಡಿಲಗೊಳಿಸುತ್ತದೆ.

ಹಣದ ಚಿಂತೆಯಿಂದ ನೀವು ನಾಲ್ಕು ತಿಂಗಳು ಸುಮ್ಮನಿದ್ದಿರಿ ಎಂದು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ವ್ಯಕ್ತಿಗೆ ಉಚಿತ ವಕೀಲರು ಸಿಗಬೇಕು. ಅದಕ್ಕೆ ಆದಾಯದ ಪ್ರಮಾಣಪತ್ರ ಬೇಕಾಗಿಲ್ಲ. ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನೂ ಉಚಿತವಾಗಿ ಕೊಡಬೇಕು. ನಿಮ್ಮ ತಮ್ಮ ಜೈಲಿನ ಅಧೀಕ್ಷಕರಿಗೆ ಅರ್ಜಿ ಬರೆದುಕೊಟ್ಟರೆ ಅವರು ಅದನ್ನು ಹೈಕೋರ್ಟಿಗೆ ಕಳುಹಿಸಲೇಬೇಕು, ಇದನ್ನೇ ಜೈಲು ಮೇಲ್ಮನವಿ ಎನ್ನುತ್ತಾರೆ. ಹಾವೇರಿ ಧಾರವಾಡ ಪೀಠದ ವ್ಯಾಪ್ತಿಗೆ ಬರುತ್ತದೆ, ಆದ್ದರಿಂದ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ನಾಳೆಯೇ ಹೋಗಿ. 15100 ಸಂಖ್ಯೆಗೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಉಚಿತ ವಕೀಲರ ಮೂಲಕ ಮೇಲ್ಮನವಿ ದಾಖಲಾದ ಮೇಲೆ, ಹಣ ಹೊಂದಿದರೆ, ನಿಮಗೆ ಬೇಕಾದ ವಕೀಲರಿಗೆ ವಕಾಲತ್ತು ಕೊಡಲು ಅಡ್ಡಿಯಿಲ್ಲ.

ಮೇಲ್ಮನವಿಯ ಹಕ್ಕು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 374ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 415ನೇ ಕಲಮಿನಲ್ಲಿದೆ. ಯಾವ ಸಂಖ್ಯೆಯಡಿ ಹಾಕಬೇಕೆಂಬುದನ್ನು ವಕೀಲರು ನೋಡಿಕೊಳ್ಳುತ್ತಾರೆ, ಹಕ್ಕಿನಲ್ಲಿ ವ್ಯತ್ಯಾಸವಿಲ್ಲ. ನೀವು ತಿಳಿದಿರಬೇಕಾದದ್ದು ಬೇರೆ. ಇದು ಕೃಪೆ ಬೇಡುವ ಅರ್ಜಿಯಲ್ಲ. ಇಬ್ಬರು ನ್ಯಾಯಮೂರ್ತಿಗಳ ಪೀಠ ಇಡೀ ಸಾಕ್ಷ್ಯವನ್ನು ಮೊದಲಿನಿಂದ ತಾನೇ ಓದಿ ಅಳೆಯಬೇಕು. ಸೆಷನ್ಸ್ ನ್ಯಾಯಾಧೀಶರು ನಂಬಿದ್ದನ್ನು ತಾನೂ ನಂಬಲೇಬೇಕೆಂದಿಲ್ಲ. ಮೇಲ್ಮನವಿ ಅಂಗೀಕಾರವಾದ ಮೇಲೆ ವಾದದ ದಿನ ವಕೀಲರು ಬರಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ವಜಾ ಮಾಡುವಂತಿಲ್ಲ, ದಾಖಲೆ ನೋಡಿ ಗುಣಾವಗುಣದ ಮೇಲೆಯೇ ತೀರ್ಮಾನಿಸಬೇಕೆಂದು ಸುಪ್ರೀಂ ಕೋರ್ಟ್ 1996ರ ಬಾನಿ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಈಗ ಮುಖ್ಯ ವಿಷಯ. ‘ಕಂಡವರಿಲ್ಲ, ಹಾಗಾಗಿ ಬಿಡುಗಡೆಯಾಗಲೇಬೇಕು’ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಸಾಂದರ್ಭಿಕ ಸಾಕ್ಷ್ಯದ ಮೇಲೆಯೇ, ಅಂದರೆ ಕೃತ್ಯವನ್ನು ಕಂಡವರಿಲ್ಲದೆ ಸುತ್ತಲಿನ ಸಂಗತಿಗಳ ಮೇಲೆಯೇ, ಶಿಕ್ಷೆ ಕೊಡಬಹುದು, ಎಷ್ಟೋ ಪ್ರಕರಣಗಳಲ್ಲಿ ಅದು ಸರಿಯಾಗಿಯೂ ಇರುತ್ತದೆ. ಆದರೆ ಅಂಥ ಶಿಕ್ಷೆಗೆ ಅಳತೆಗೋಲು ತುಂಬಾ ಬಿಗಿಯಾದದ್ದು. ಪುಣೆಯಲ್ಲಿ 1982ರಲ್ಲಿ ನವವಿವಾಹಿತೆಯೊಬ್ಬಳು ಸಯನೈಡ್ ವಿಷದಿಂದ ಸತ್ತಳು. ಗಂಡನಿಗೆ ವಿಚಾರಣಾ ನ್ಯಾಯಾಲಯ ಮರಣದಂಡನೆ ಕೊಟ್ಟಿತು, ಬಾಂಬೆ ಹೈಕೋರ್ಟ್ ಎತ್ತಿಹಿಡಿಯಿತು, 1984ರಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಶರದ್ ಬಿರ್ಧಿಚಂದ್ ಸಾರ್ದಾ ಎಂಬ ಆ ತೀರ್ಪನ್ನು ಇಂದಿಗೂ ಇಂಥ ಪ್ರತಿಯೊಂದು ಮೇಲ್ಮನವಿಯಲ್ಲಿ ಉಲ್ಲೇಖಿಸುತ್ತೇವೆ. ಅದರ ಸಾರ ಇಷ್ಟು: ಪ್ರತಿಯೊಂದು ಸಂದರ್ಭವೂ ತಾನೇ ಪೂರ್ತಿಯಾಗಿ ರುಜುವಾತಾಗಿರಬೇಕು, ಆಗಿರಬಹುದು ಎಂದರೆ ಸಾಲದು, ಆಗಿರಲೇಬೇಕು. ಅವೆಲ್ಲವೂ ಆರೋಪಿಯೇ ಅಪರಾಧಿ ಎನ್ನುವುದಕ್ಕೆ ಮಾತ್ರ ಹೊಂದಬೇಕು, ಬೇರಾವ ಊಹೆಗೂ ಎಡೆ ಕೊಡಬಾರದು. ಸರಪಳಿ ಎಲ್ಲಿಯೂ ಕಡಿದಿರಬಾರದು. ಆರೋಪಿ ಹೇಳಿದ ಸುಳ್ಳು ಆ ಸರಪಳಿಯ ಕಳಚಿದ ಕೊಂಡಿಯ ಜಾಗದಲ್ಲಿ ಕೂರುವುದಿಲ್ಲ.

ಆದ್ದರಿಂದ ಮೇಲ್ಮನವಿಯಲ್ಲಿ ನಾವು ‘ಕೊಂದವನು ಬೇರೆ ಯಾರೋ’ ಎಂದು ತೋರಿಸಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ಅರ್ಧ ಪುಟ ನಿಮಗೆ ಸಂಶಯವಿರುವ ಇನ್ನೊಬ್ಬರ ಬಗ್ಗೆ ಇದೆ. ಅದನ್ನು ಹೈಕೋರ್ಟಿನಲ್ಲಿ ವಾದಿಸಿದರೆ ಪುರಾವೆಯಿಲ್ಲದ ಆರೋಪವಾಗುತ್ತದೆ, ನಿಜವಾದ ವಾದದ ಬಲವನ್ನೂ ಕುಂದಿಸುತ್ತದೆ. ನಮ್ಮ ಕೆಲಸ ಸಾಕ್ಷಿಗಳ ಹೇಳಿಕೆಗಳಲ್ಲಿದೆ. ಹೇಳಿಕೆಗಳಲ್ಲಿ ಎಂದೆ, ತೀರ್ಪಿನಲ್ಲಿ ಅಲ್ಲ. ತೀರ್ಪಿನಲ್ಲಿರುವುದು ನ್ಯಾಯಾಧೀಶರು ಸಾಕ್ಷ್ಯವನ್ನು ಅರ್ಥಮಾಡಿಕೊಂಡ ಬಗೆ ಮಾತ್ರ. ಸಾಕ್ಷಿ ನಿಜವಾಗಿ ಏನೆಂದ ಎಂಬುದು ಮುಖ್ಯ ವಿಚಾರಣೆ ಮತ್ತು ಪಾಟೀಸವಾಲಿನ (ಎದುರು ಪಕ್ಷದ ವಕೀಲರು ಸಾಕ್ಷಿಗೆ ಕೇಳುವ ಪ್ರಶ್ನೆಗಳ) ಹಾಳೆಗಳಲ್ಲಿದೆ. ನೀವು ಕಳುಹಿಸಿದ ಹಾಳೆಗಳಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿದೆ.

‘ಕೊನೆಯ ಬಾರಿ ಜೊತೆಗಿದ್ದರು’ ಎಂಬ ಸಾಕ್ಷ್ಯವನ್ನು ನೋಡೋಣ. ಚಹದಂಗಡಿಯಲ್ಲಿ ಕಂಡೆ ಎನ್ನುವ ಸಾಕ್ಷಿ ಹೇಳುವ ಹೊತ್ತು ಭಾನುವಾರ ಸಂಜೆ 7 ಗಂಟೆ. ಶವ ಕಾಲುವೆಯ ಪಕ್ಕದಲ್ಲಿ ಸಿಕ್ಕಿದ್ದು ಬುಧವಾರ ಬೆಳಿಗ್ಗೆ. ಮರಣೋತ್ತರ ಪರೀಕ್ಷೆ ನಡೆದದ್ದು ಅಂದೇ ಮಧ್ಯಾಹ್ನ 3ಕ್ಕೆ. ವೈದ್ಯರು ತಮ್ಮ ಹೇಳಿಕೆಯಲ್ಲಿ, ಪರೀಕ್ಷೆಗೆ 24ರಿಂದ 36 ಗಂಟೆ ಮೊದಲು ಸಾವು ಸಂಭವಿಸಿದೆ ಎಂದಿದ್ದಾರೆ. ಬುಧವಾರ ಮಧ್ಯಾಹ್ನ 3ರಿಂದ 36 ಗಂಟೆ ಹಿಂದಕ್ಕೆ ಎಣಿಸಿದರೆ ಮಂಗಳವಾರ ನಸುಕಿನ 3 ಗಂಟೆ. ಅಂದರೆ ವೈದ್ಯರ ಲೆಕ್ಕದಲ್ಲೇ, ಇಬ್ಬರೂ ಜೊತೆಗಿದ್ದುದನ್ನು ಕಂಡ ಕನಿಷ್ಠ 32 ಗಂಟೆಗಳ ಬಳಿಕ ಸಾವು. ಆ ಭಾನುವಾರದ ರಾತ್ರಿ, ಇಡೀ ಸೋಮವಾರ, ಸೋಮವಾರದ ರಾತ್ರಿ ಮೃತರು ಎಲ್ಲಿದ್ದರು, ಯಾರ ಜೊತೆಗಿದ್ದರು ಎಂಬುದಕ್ಕೆ ಪ್ರಾಸಿಕ್ಯೂಷನ್ ಬಳಿ ಒಂದು ಸಾಲಿನ ಸಾಕ್ಷ್ಯವೂ ಇಲ್ಲ. ತೀರ್ಪಿನಲ್ಲಿ ಇದನ್ನು ‘ಸಾವಿಗೆ ಸ್ವಲ್ಪ ಮುಂಚೆ ಆರೋಪಿಯೊಂದಿಗೆ ಕಂಡಿದ್ದಾರೆ’ ಎಂದು ಒಂದೇ ವಾಕ್ಯದಲ್ಲಿ ದಾಟಿಬಿಡಲಾಗಿದೆ. ಕಂಡ ಹೊತ್ತಿಗೂ ಸಾವಿಗೂ ನಡುವಿನ ಅಂತರ ಮತ್ತೊಬ್ಬ ವ್ಯಕ್ತಿ ಬರುವ ಸಾಧ್ಯತೆಯೇ ಇಲ್ಲದಷ್ಟು ಚಿಕ್ಕದಾಗಿದ್ದರೆ ಮಾತ್ರ ಈ ಬಗೆಯ ಸಾಕ್ಷ್ಯಕ್ಕೆ ಬೆಲೆ ಎಂದು ಸುಪ್ರೀಂ ಕೋರ್ಟ್ 2005ರ ಸತೀಶ್ ಪ್ರಕರಣದಿಂದ ಈಚೆಗೆ ಮತ್ತೆ ಮತ್ತೆ ಹೇಳಿದೆ. ಬಸ್ ನಿಲ್ದಾಣದ ಚಹದಂಗಡಿ ಎಂದರೆ ಊರೆಲ್ಲ ಬಂದು ಹೋಗುವ ಜಾಗ ಎಂಬುದನ್ನೂ ಮರೆಯಬಾರದು.

ಸರ್ಕಾರಿ ವಕೀಲರು ಇದಕ್ಕೆ ಏನು ಹೇಳುತ್ತಾರೆ ಎಂಬುದೂ ನಿಮಗೆ ಗೊತ್ತಿರಲಿ. ಸಾವಿನ ಸಮಯವನ್ನು ವೈದ್ಯರು ನಿಖರವಾಗಿ ಹೇಳಲಾಗದು, ಹವಾಮಾನ ಮತ್ತು ಕಾಲುವೆಯ ತೇವದಿಂದ ಅಂದಾಜು ಹಿಂದೆಮುಂದೆ ಆಗುತ್ತದೆ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಹಾಗೆ ಹಿಗ್ಗಿಸುವಂತೆ ವೈದ್ಯರನ್ನೇ ಸಾಕ್ಷಿಕಟ್ಟೆಯಲ್ಲಿ ಕೇಳಬೇಕಿತ್ತು, ಅವರು ಕೇಳಿಲ್ಲ. ವೈದ್ಯರ ಹೇಳಿಕೆ ಹಾಗೆಯೇ ನಿಂತಿದೆ.

ಈ ಸಾಕ್ಷಿಯ ಹೇಳಿಕೆಯನ್ನು ಪೊಲೀಸರು ದಾಖಲಿಸಿಕೊಂಡದ್ದು ಘಟನೆಯಾದ ಹನ್ನೆರಡು ದಿನಗಳ ನಂತರ. ಅದೇ ಊರಿನವನು, ಶವ ಸಿಕ್ಕಾಗ ಅಲ್ಲೇ ನಿಂತಿದ್ದವನು, ಹನ್ನೆರಡು ದಿನ ಬಾಯಿ ಬಿಡಲಿಲ್ಲ ಎಂದರೆ ಅನುಮಾನ ಬರಬೇಕು. ಆದರೆ ಈ ವಾದ ಗೆಲ್ಲಬೇಕಾದರೆ ತನಿಖಾಧಿಕಾರಿಯ ಪಾಟೀಸವಾಲಿನಲ್ಲಿ ‘ಇಷ್ಟು ತಡವೇಕೆ’ ಎಂದು ಕೇಳಿರಬೇಕು. ಕೇಳದಿದ್ದರೆ ವಿವರಣೆ ಕೊಡುವ ಅವಕಾಶವನ್ನೇ ಅಧಿಕಾರಿಗೆ ಕೊಡಲಿಲ್ಲ ಎಂದು ನ್ಯಾಯಾಲಯ ಹೇಳುತ್ತದೆ. ತನಿಖಾಧಿಕಾರಿಯ ಹೇಳಿಕೆ ನೀವು ಕಳುಹಿಸಿದ ಕಟ್ಟಿನಲ್ಲಿಲ್ಲ. ಅದನ್ನು ತರಿಸಿ.

ಕುಡುಗೋಲಿನ ವಿಚಾರದಲ್ಲಿ ನಾನು ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಕಡೆಯ ಕೊಲೆ ಪ್ರಕರಣಗಳಲ್ಲಿ ಹೆಚ್ಚಿನವು ನಿಂತಿರುವುದೂ ಬೀಳುವುದೂ ಈ ವಶಪಡಿಸಿಕೊಂಡ ವಸ್ತುವಿನ (ಮುದ್ದೆಮಾಲಿನ) ಮೇಲೆಯೇ. ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಅವನ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ತುಣುಕನ್ನು ಮಾತ್ರ ಹಳೆಯ, 1872ರ ಸಾಕ್ಷ್ಯ ಅಧಿನಿಯಮದ 27ನೇ ಕಲಮು ಒಳಗೆ ಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಹಾಕಿದ ಗೆರೆ ಇದು. ‘ಕುಡುಗೋಲನ್ನು ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ’ ಎಂಬುದು ಒಳಗೆ ಬರುತ್ತದೆ, ‘ಅದರಿಂದ ಕೊಂದೆ’ ಎಂಬುದು ಬರುವುದಿಲ್ಲ.

ಇನ್ನು ಅದನ್ನು ಬರೆಯುವ ಕ್ರಮ. ಕರ್ನಾಟಕದ್ದೇ ಪ್ರಕರಣವಾದ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಆರೋಪಿಯನ್ನು ಬಿಡುಗಡೆ ಮಾಡುತ್ತಾ ಇದನ್ನು ಬಿಡಿಸಿ ಹೇಳಿದೆ. ಆರೋಪಿ ತೋರಿಸುತ್ತೇನೆ ಎಂದಾಗ ತನಿಖಾಧಿಕಾರಿ ಮೊದಲು ಇಬ್ಬರು ಸ್ವತಂತ್ರ ಪಂಚರನ್ನು (ಪತ್ತೆಗೆ ಸಾಕ್ಷಿಯಾಗಿ ನಿಂತು ಪಂಚನಾಮೆಗೆ ಸಹಿ ಹಾಕುವವರನ್ನು) ಠಾಣೆಗೆ ಕರೆಸಬೇಕು. ಅವರ ಎದುರಿಗೆ ಆರೋಪಿ ತನ್ನ ಮಾತಿನಲ್ಲಿ ಹೇಳಬೇಕು. ಆ ಮಾತುಗಳೇ ಪಂಚನಾಮೆಯ ಮೊದಲ ಭಾಗವಾಗಬೇಕು. ಆಮೇಲೆ ಎಲ್ಲರೂ ಸ್ಥಳಕ್ಕೆ ಹೋಗಬೇಕು, ಅಲ್ಲಿ ಸಿಕ್ಕಿದ್ದರ ವಿವರ ಎರಡನೆಯ ಭಾಗ. ಪಂಚರು ತಿರುಗಿಬಿದ್ದರೂ ತನಿಖಾಧಿಕಾರಿಯ ಸಾಕ್ಷ್ಯದಿಂದಲೇ ಪತ್ತೆಯನ್ನು ರುಜುವಾತುಪಡಿಸಬಹುದು, ಆದರೆ ಆಗ ಅವರು ಆರೋಪಿ ನಿಖರವಾಗಿ ಏನು ಹೇಳಿದ ಎಂಬುದನ್ನು ನ್ಯಾಯಾಲಯದಲ್ಲಿ ಹೇಳಬೇಕು. ‘ಆರೋಪಿಯ ಹೇಳಿಕೆ ದಾಖಲಿಸಿದೆ, ಗುರುತಿಸಲಾಗಿದೆ’ ಎಂದು ಹೇಳಿ ಮುಗಿಸಿದರೆ ಸಾಲದು.

ನಿಮ್ಮ ಪ್ರಕರಣದ ಪಂಚರಲ್ಲಿ ಒಬ್ಬರು ಪ್ರತಿಕೂಲ ಸಾಕ್ಷಿಯಾಗಿದ್ದಾರೆ, ಅಂದರೆ ಪೊಲೀಸರ ಮಾತನ್ನು ಒಪ್ಪದೆ ತಿರುಗಿಬಿದ್ದಿದ್ದಾರೆ. ಇನ್ನೊಬ್ಬರು ಮುಖ್ಯ ವಿಚಾರಣೆಯಲ್ಲಿ ಪೊಲೀಸರು ಹೇಳಿದಂತೆಯೇ ಹೇಳಿದ್ದಾರೆ. ಆದರೆ ಪಾಟೀಸವಾಲಿನ ಎರಡನೇ ಪುಟದ ಕೊನೆಯಲ್ಲಿ ಒಂದು ಮಾತಿದೆ: ತಾನು ಹೋದಾಗ ಪೊಲೀಸರು ಆಗಲೇ ಕೊಟ್ಟಿಗೆಯ ಬಳಿ ಇದ್ದರು, ಕಾಗದಕ್ಕೆ ಸಹಿ ಮಾಡಿದ್ದು ಠಾಣೆಗೆ ಬಂದ ಮೇಲೆ, ಅದರಲ್ಲಿ ಏನಿತ್ತೆಂದು ಓದಿ ಹೇಳಲಿಲ್ಲ. ಈ ಮೂರು ತುಣುಕುಗಳನ್ನು ತೀರ್ಪು ಮುಟ್ಟಿಯೇ ಇಲ್ಲ. ಪಂಚರು ಹೋಗುವ ಮೊದಲೇ ಪೊಲೀಸರು ಅಲ್ಲಿದ್ದರೆ, ಪತ್ತೆಯಾದದ್ದು ಯಾರ ಮಾತಿನಿಂದ? ನನ್ನ ದೃಷ್ಟಿಯಲ್ಲಿ ನಿಮ್ಮ ಮೇಲ್ಮನವಿಯ ಅತ್ಯಂತ ಗಟ್ಟಿಯಾದ ಆಧಾರ ಇದೇ.

ಕೊಟ್ಟಿಗೆಗೆ ಬಾಗಿಲಿಲ್ಲ, ಎರಡು ಮನೆಯವರು ಅದನ್ನು ಬಳಸುತ್ತಾರೆ ಎಂಬುದು ಸ್ಥಳ ಮಹಜರಿನಲ್ಲೇ ಇದೆ. ಕುಡುಗೋಲು ಯಾವ ರೈತನ ಮನೆಯಲ್ಲಿಲ್ಲ? ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಮಾನವ ರಕ್ತ ಎಂದಷ್ಟೇ ಹೇಳಿದೆ, ಗುಂಪು ನಿರ್ಧಾರವಾಗಿಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸಿಯೇ ಇಲ್ಲ. ರಕ್ತದ ಗುಂಪು ಹೊಂದಿದರೂ, ಆಯುಧ ಸಿಕ್ಕಿತೆಂಬ ಒಂದೇ ಸಂದರ್ಭ ಕೊಲೆಯ ಆರೋಪಕ್ಕೆ ಸಾಲದೆಂದು ಸುಪ್ರೀಂ ಕೋರ್ಟ್ 2011ರ ಮುಸ್ತಕೀಮ್ ಪ್ರಕರಣದಲ್ಲಿ ಹೇಳಿದೆ. ಇಲ್ಲಿ ಗುಂಪೂ ಇಲ್ಲ.

ಮೊಬೈಲ್ ಟವರ್ ದಾಖಲೆಯಲ್ಲಿ ನಿಮಗೆ ಹೆಚ್ಚು ಆಸೆ ಹುಟ್ಟಿಸಲಾರೆ. ವಿದ್ಯುನ್ಮಾನ ದಾಖಲೆಗೆ ಅದೇ ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರ ಕಡ್ಡಾಯ ಎಂದು 2020ರ ಅರ್ಜುನ್ ಪಂಡಿತರಾವ್ ತೀರ್ಪು ಹೇಳುತ್ತದೆ, ನಿಮ್ಮಲ್ಲಿ ಅದು ಇಲ್ಲದಿರುವುದೂ ನಿಜ. ಆದರೆ ಆ ದಾಖಲೆಯನ್ನು ನ್ಯಾಯಾಲಯ ಸಾಕ್ಷ್ಯವೆಂದು ಗುರುತಿಸುವಾಗ ನಿಮ್ಮ ವಕೀಲರು ಆಕ್ಷೇಪಿಸಿಲ್ಲ. ಆಗ ಎತ್ತದ ಈ ಆಕ್ಷೇಪವನ್ನು ಮೇಲ್ಮನವಿಯಲ್ಲಿ ಮೊದಲ ಬಾರಿಗೆ ಎತ್ತುವಂತಿಲ್ಲ ಎಂದು 2017ರ ಸೋನು ತೀರ್ಪು ಕರೆ ವಿವರಗಳ ವಿಚಾರದಲ್ಲೇ ಹೇಳಿದೆ. ಹಾಗಾಗಿ ಪ್ರಮಾಣಪತ್ರಕ್ಕಿಂತ ದಾಖಲೆಯ ಒಳಗಿರುವುದನ್ನೇ ಹಿಡಿಯುವುದು ಮೇಲು. ಆ ಟವರ್ ಕಾಲುವೆಯನ್ನಷ್ಟೇ ಅಲ್ಲ, ನಿಮ್ಮ ಮನೆ ಮತ್ತು ಹೊಲವನ್ನೂ ಒಳಗೊಳ್ಳುತ್ತದೆ ಎಂದು ಮೊಬೈಲ್ ಕಂಪನಿಯ ಅಧಿಕಾರಿ ಒಪ್ಪಿದ್ದಾರೆ. ತನ್ನ ಊರಿನಲ್ಲಿ ರಾತ್ರಿ ಇದ್ದ ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ.

ಬದುವಿನ ಜಗಳ ಉದ್ದೇಶವನ್ನು ತೋರಿಸುತ್ತದೆ, ಅದನ್ನು ಅಲ್ಲಗಳೆಯಲು ಹೋಗಬೇಡಿ. ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿಯೇ ಇದೆ. ಉದ್ದೇಶ ಇದ್ದ ಮಾತ್ರಕ್ಕೆ ಕೃತ್ಯ ರುಜುವಾತಾಗುವುದಿಲ್ಲ, ಅಷ್ಟೇ ವಾದ. ಊರು ಬಿಟ್ಟದ್ದೂ ಹಾಗೆಯೇ. ಪೊಲೀಸರಿಗೆ ಹೆದರಿ ನಿರಪರಾಧಿಗಳೂ ತಲೆಮರೆಸಿಕೊಳ್ಳುತ್ತಾರೆ ಎಂಬುದನ್ನು ನ್ಯಾಯಾಲಯಗಳು ಒಪ್ಪುತ್ತಾ ಬಂದಿವೆ.

ತೀರ್ಪಿನ ಕೊನೆಯ ಭಾಗದಲ್ಲಿ ನ್ಯಾಯಾಧೀಶರು, ಮೃತರನ್ನು ಎಲ್ಲಿ ಬಿಟ್ಟೆ ಎಂದು ಆರೋಪಿ ವಿವರಿಸಿಲ್ಲ, ಆದ್ದರಿಂದ ಸಾಕ್ಷ್ಯ ಅಧಿನಿಯಮದ 106ನೇ ಕಲಮಿನಡಿ ಅವನ ವಿರುದ್ಧ ತೀರ್ಮಾನಿಸಬೇಕು ಎಂದಿದ್ದಾರೆ. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಆರೋಪಿಯೇ ರುಜುವಾತುಪಡಿಸಬೇಕು ಎನ್ನುವ ಕಲಮು ಅದು. ಆದರೆ ಪ್ರಾಸಿಕ್ಯೂಷನ್ ಮೊದಲು ತನ್ನ ಪ್ರಕರಣವನ್ನು ನಿಲ್ಲಿಸಬೇಕು, ಆಮೇಲಷ್ಟೇ ಈ ಹೊರೆ ಆರೋಪಿಯ ಮೇಲೆ ಬರುತ್ತದೆ; ಶಂಭುನಾಥ್ ಮೆಹ್ರಾ ಪ್ರಕರಣ 1956ರಲ್ಲೇ ಇದನ್ನು ಹೇಳಿದೆ. ನಾಲ್ಕು ಗೋಡೆಗಳ ನಡುವೆ ಗಂಡ-ಹೆಂಡತಿ ಇಬ್ಬರೇ ಇದ್ದಾಗ ಸಾವಾದರೆ ಮಾತು ಬೇರೆ. ನಿಮ್ಮದು ಅಂಥ ಪ್ರಕರಣವಲ್ಲ. ಆದರೂ ಸಾಕ್ಷ್ಯದ ಬಗ್ಗೆ ನ್ಯಾಯಾಧೀಶರು ಆರೋಪಿಯನ್ನೇ ಪ್ರಶ್ನಿಸಿ ಪಡೆಯುವ ಹೇಳಿಕೆಯಲ್ಲಿ ನಿಮ್ಮ ತಮ್ಮ ಎಲ್ಲ ಪ್ರಶ್ನೆಗೂ ‘ಸುಳ್ಳು’ ಎಂಬ ಒಂದೇ ಉತ್ತರ ಕೊಟ್ಟಿದ್ದಾನೆ. ಚಹ ಕುಡಿದೆವು, ಅಲ್ಲಿಂದ ಬೇರೆಬೇರೆ ಹೋದೆವು ಎಂದಿದ್ದರೆ ನಮ್ಮ ಕೈ ಇನ್ನಷ್ಟು ಬಲವಾಗಿರುತ್ತಿತ್ತು. ಹಳೆಯ ಸಂಹಿತೆಯ 313ನೇ ಕಲಮಿನ ಆ ಹೇಳಿಕೆಯ ಪೂರ್ತಿ ಪ್ರತಿ ಬೇಕು. ರಕ್ತದ ವರದಿಯ ಬಗ್ಗೆ ಅವನನ್ನು ಪ್ರಶ್ನಿಸಿಯೇ ಇಲ್ಲ ಎಂದು ನೀವು ಬರೆದಿದ್ದೀರಿ. ಅದು ನಿಜವಾದರೆ, ಮತ್ತು ಅದರಿಂದ ಅವನಿಗೆ ಹಾನಿಯಾಗಿದೆ ಎಂದು ತೋರಿಸಿದರೆ, ಆ ವರದಿಯನ್ನು ಲೆಕ್ಕದಿಂದ ಹೊರಗಿಡುವಂತೆ ಕೇಳಬಹುದು.

ಇವನ್ನೆಲ್ಲ ಬಿಡಿಬಿಡಿಯಾಗಿ ನೋಡಬಾರದು, ಒಟ್ಟಿಗೆ ನೋಡಬೇಕು ಎಂದು ಸರ್ಕಾರದ ಪರ ವಾದ ಬರುತ್ತದೆ. ಒಟ್ಟಿಗೆ ನೋಡುವುದು ಸರಿಯೇ. ಆದರೆ ಒಂದೊಂದೂ ರುಜುವಾತಾದ ಮೇಲೆ ತಾನೇ ಒಟ್ಟುಗೂಡಿಸುವುದು? ರುಜುವಾತಾಗದ ಐದು ಸಂಗತಿಗಳನ್ನು ಕೂಡಿಸಿದರೆ ಅನುಮಾನ ಹೆಚ್ಚಾಗಬಹುದು, ಪುರಾವೆ ಹುಟ್ಟುವುದಿಲ್ಲ.

ಜಾಮೀನಿನ ಬಗ್ಗೆ: ಶಿಕ್ಷೆಯಾದ ಮೇಲೆ ಕೇಳಬೇಕಾದ್ದು ಶಿಕ್ಷೆಯ ಅಮಾನತು. ಹಳೆಯ ಸಂಹಿತೆಯ 389, ಹೊಸದರ 430ನೇ ಕಲಮು. ಕೊಲೆ ಪ್ರಕರಣದಲ್ಲಿ ಸರ್ಕಾರಿ ವಕೀಲರಿಗೆ ಲಿಖಿತವಾಗಿ ಆಕ್ಷೇಪಿಸಲು ಅವಕಾಶ ಕೊಟ್ಟೇ ಆದೇಶ ಮಾಡಬೇಕು. ವಿಚಾರಣೆಯ ವೇಳೆ ಜಾಮೀನಿನ ಮೇಲಿದ್ದ, ಅದನ್ನು ದುರುಪಯೋಗ ಮಾಡಲಿಲ್ಲ ಎಂಬುದಷ್ಟೇ ಸಾಕಾಗುವುದಿಲ್ಲ. ದಾಖಲೆಯ ಮೇಲೆ ಕಣ್ಣಾಡಿಸಿದೊಡನೆ ಎದ್ದು ಕಾಣುವ ದೋಷವಿರಬೇಕು, ಬಿಡುಗಡೆಯಾಗುವ ಸಾಧ್ಯತೆ ಚೆನ್ನಾಗಿದೆ ಎನಿಸಬೇಕು, ಆ ಹಂತದಲ್ಲಿ ಸಾಕ್ಷ್ಯವನ್ನು ಕೆದಕಬಾರದು ಎಂದು ಸುಪ್ರೀಂ ಕೋರ್ಟ್ 2023ರ ಓಂಪ್ರಕಾಶ್ ಸಾಹ್ನಿ ತೀರ್ಪಿನಲ್ಲಿ ಹೇಳಿದೆ. ಅದಕ್ಕೇ ಈ ಅರ್ಜಿಯಲ್ಲಿ ಹತ್ತು ಅಂಶಗಳನ್ನು ತುಂಬಬಾರದು. 32 ಗಂಟೆಯ ಲೆಕ್ಕ ಮತ್ತು ಪಂಚರ ಪಾಟೀಸವಾಲಿನ ಆ ಒಂದು ಪುಟ, ಎರಡೇ ಸಾಕು. ಮೊದಲ ಸಲ ನಿರಾಕರಿಸಿದರೆ ಧೃತಿಗೆಡಬೇಡಿ. ಮೇಲ್ಮನವಿ ವರ್ಷಗಟ್ಟಲೆ ವಿಚಾರಣೆಗೆ ಬಾರದಿದ್ದರೆ ಆ ವಿಳಂಬವನ್ನೇ ಕಾರಣವಾಗಿಸಿ ಮತ್ತೆ ಕೇಳಬಹುದು; 1977ರ ಕಶ್ಮೀರಾ ಸಿಂಗ್ ತೀರ್ಪು ಅದಕ್ಕೆ ಆಧಾರ. ಹೈಕೋರ್ಟಿನಲ್ಲೂ ಸೋತರೆ ವಿಶೇಷ ಅನುಮತಿ ಕೋರಿ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನಗಳಿವೆ. ಆದರೆ ಅಲ್ಲಿ ಸಾಕ್ಷ್ಯವನ್ನು ಇಷ್ಟು ವಿವರವಾಗಿ ಮತ್ತೆ ಓದುವುದು ಅಪರೂಪ. ನಿಜವಾದ ಹೋರಾಟ ಧಾರವಾಡದಲ್ಲೇ.

ಕೊನೆಗೆ ಆ ಪಂಚರ ಪ್ರಮಾಣಪತ್ರದ ಪ್ರಶ್ನೆ. ಬರೆಸಿಕೊಳ್ಳಬೇಡಿ, ಅವರ ಮನೆಗೂ ಹೋಗಬೇಡಿ. ಸಾಕ್ಷಿ ವಿಚಾರಣೆ ಮುಗಿದ ಮೇಲೆ ಆರೋಪಿಯ ಮನೆಯವರು ತಂದ ಕಾಗದಕ್ಕೆ ಹೈಕೋರ್ಟ್ ಬೆಲೆ ಕೊಡುವುದಿಲ್ಲ. ಸಾಕ್ಷಿಯನ್ನು ಒಲಿಸಿಕೊಂಡಿದ್ದೀರಿ ಎಂಬ ಅನುಮಾನ ಬಂದರೆ ಅಮಾನತಿನ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ನ್ಯಾಯಾಲಯ ಅಗತ್ಯವೆಂದು ಕಂಡರೆ ಹೆಚ್ಚುವರಿ ಸಾಕ್ಷ್ಯ ಪಡೆಯಬಹುದು (ಹಳೆಯ 391, ಹೊಸ 432ನೇ ಕಲಮು), ಆದರೆ ಅದು ವಿಚಾರಣೆಯ ಲೋಪ ತುಂಬಿಕೊಳ್ಳುವ ದಾರಿಯಲ್ಲ. ಹೇಗೂ ಇಬ್ಬರು ಪಂಚರಲ್ಲಿ ಒಬ್ಬರು ಹೇಳಬೇಕಾದದ್ದನ್ನು ಪಾಟೀಸವಾಲಿನಲ್ಲಿ ಪ್ರಮಾಣ ಮಾಡಿ ಹೇಳಿಯಾಗಿದೆ. ಧಾರವಾಡಕ್ಕೆ ಹೋಗುವಾಗ ತೀರ್ಪಿನ ಜೊತೆ ಎಲ್ಲ ಸಾಕ್ಷಿಗಳ ಹೇಳಿಕೆ, 313ರ ಹೇಳಿಕೆ, ಪಂಚನಾಮೆಗಳು, ಮರಣೋತ್ತರ ಪರೀಕ್ಷೆಯ ವರದಿ, ಪ್ರಯೋಗಾಲಯದ ವರದಿ ಇವಿಷ್ಟರ ದೃಢೀಕೃತ ನಕಲನ್ನು ಒಯ್ಯಿರಿ. ವಕೀಲರಿಗೆ ಮೊದಲು ವೈದ್ಯರ ಹೇಳಿಕೆಯ ಹಾಳೆಯನ್ನೇ ತೆಗೆದುಕೊಡಿ.